ಗಂಗಾವತಿಯಿಂದ ಬೆಂಗಳೂರಿಗೆ ಕುದುರೆ: ಒಂದು ರಾತ್ರಿಯಲ್ಲಿ ಆಗುವ ಕೆಲಸವಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಆರು ವರ್ಷದ ಮಾರ್ವಾಡಿ ಹೆಣ್ಣು ಕುದುರೆ ಇದೆ. ಮಗಳು ಅದರ ಮೇಲೆ ಜಂಪಿಂಗ್ ಕಲಿತಿದ್ದಾಳೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೆಟ್ಟಹಲಸೂರು ಕಡೆ ದೊಡ್ಡ ಸವಾರಿ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇವೆ. ಶನಿವಾರ ಬೆಳಿಗ್ಗೆ ಅವಳ ಸರದಿ. ನಮ್ಮ ಮಾವನ ಲಾರಿ ಅಕ್ಕಿ ಹೇರಿಕೊಂಡು ಬೆಂಗಳೂರಿಗೆ ಹೋಗುತ್ತಿರುತ್ತದೆ. ಶುಕ್ರವಾರ ರಾತ್ರಿ ಅದರಲ್ಲೇ ಹಿಂದೆ ಜಾಗ ಮಾಡಿ ಕುದುರೆ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಮುಟ್ಟಬಹುದು ಅಂತಾರೆ. ಸರಿ ಹೋಗುತ್ತಾ? ಮನೆಯವರು ಐದು ಜನ ನೋಡೋಕೆ ಬರುತ್ತಿದ್ದೇವೆ.
– ಓದುಗರು, ಗಂಗಾವತಿ ತಾಲ್ಲೂಕು

ಉತ್ತರ: ಹಳ್ಳಿಯ ಹುಡುಗಿ ಸ್ವಂತ ಕುದುರೆ ಮೇಲೆ ಬೆಂಗಳೂರಿನಲ್ಲಿ ಜಿಗಿಯಲು ಹೊರಟಿದ್ದಾಳೆ ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ಶುಕ್ರವಾರ ರಾತ್ರಿಯ ಆ ಯೋಚನೆ ಬಿಟ್ಟುಬಿಡಿ. ಅಕ್ಕಿ ಮೂಟೆ ಜೊತೆ ಕುದುರೆ ಹತ್ತಿಸುವ ಹಾಗೇ ಇಲ್ಲ. ಪ್ರಾಣಿ ಸಾಗಿಸುವ ಗಾಡಿಯಲ್ಲಿ ಬೇರೆ ಸರಕು ಇರಬಾರದು. ಒಂದು ಕುದುರೆಗೆ 2.25 ಚದರ ಮೀಟರ್ ಜಾಗ ಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಮಾವನ ಲಾರಿ ಬೇಕಾದರೆ ಖಾಲಿ ಮಾಡಿ ತನ್ನಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1978ರ ಪ್ರಾಣಿ ಸಾಗಣೆ ನಿಯಮದ ಪ್ರಕಾರ ಕುದುರೆ ಇರುವ ಲಾರಿ ಗಂಟೆಗೆ 35 ಕಿ.ಮೀ. ದಾಟಬಾರದು. ನಿಮ್ಮ ಊರಿಂದ ಬೆಟ್ಟಹಲಸೂರಿಗೆ ಹತ್ತಿರ ಹತ್ತಿರ 400 ಕಿ.ಮೀ. ಲೆಕ್ಕ ಹಾಕಿ. ಬರೀ ಓಡಿಸುವುದಕ್ಕೇ ಹನ್ನೊಂದು ಗಂಟೆ ಮೇಲಾಯಿತು, ನಿಲ್ಲಿಸುವ ಹೊತ್ತು ಬೇರೆ. ಅಷ್ಟು ನಿಧಾನ ಯಾಕೆ ಅಂತ ಡ್ರೈವರ್ ಕೇಳಬಹುದು. ಪ್ರತಿ ಬ್ರೇಕ್‌ಗೂ, ಪ್ರತಿ ತಿರುವಿಗೂ ಕುದುರೆ ನಾಲ್ಕೂ ಕಾಲು ಬಿಗಿ ಹಿಡಿದು ನಿಲ್ಲಬೇಕು. ನಿಮಗದು ಪ್ರಯಾಣ, ಅದಕ್ಕೆ ದಿನವಿಡೀ ಕಸರತ್ತು. ಹಾಗೆ ಬಂದಿಳಿದ ಕುದುರೆಯನ್ನು ಅದೇ ಬೆಳಿಗ್ಗೆ ಜಿಗಿಸಿದರೆ ಅದರ ಕಾಲಿಗೂ ಅಪಾಯ, ಮಗಳಿಗೂ ಅಪಾಯ.

ಆದ್ದರಿಂದ ಬುಧವಾರ ನಸುಕಿನಲ್ಲಿ ಹೊರಡಿ. ಹೊಸಪೇಟೆ, ಕೂಡ್ಲಿಗಿ ಮೇಲೆ ಸಂಜೆಯೊಳಗೆ ಚಿತ್ರದುರ್ಗ. ಅರ್ಧ ದಾರಿ ಅಲ್ಲಿಗೆ ಮುಗಿಯುತ್ತದೆ. ಊರ ಹೊರಗೆ ಪರಿಚಯದವರ ತೋಟ, ಕೊಟ್ಟಿಗೆ ಏನಾದರೂ ಇದ್ದರೆ ಈಗಲೇ ಮಾತಾಡಿಡಿ. ಅಲ್ಲಿ ಇಳಿಸಿ, ನಡೆಸಾಡಿಸಿ, ರಾತ್ರಿ ಮಲಗಲು ಬಿಡಿ. ಗುರುವಾರ ಹಿರಿಯೂರು, ಶಿರಾ, ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ಹೊರಳಿ. ನೆಲಮಂಗಲದಿಂದಾಚೆ ಸಿಟಿ ಟ್ರಾಫಿಕ್‌ಗೆ ಸಿಕ್ಕಿಕೊಳ್ಳುವ ತಾಪತ್ರಯವೇ ಇರುವುದಿಲ್ಲ. ಶುಕ್ರವಾರ ಪೂರ್ತಿ ರೆಸ್ಟ್. ಹಗಲೇ ಓಡಿಸಿ. ಹೈವೇಯಲ್ಲಿ ರಾತ್ರಿ ಹೊತ್ತು 35ರಲ್ಲಿ ಹೋಗುವ ಗಾಡಿಗೆ ಹಿಂದಿನಿಂದ ಬರುವ ಲಾರಿಗಳದ್ದೇ ಭಯ. ಡಿಸೆಂಬರ್ ಆದ್ದರಿಂದ ಬಿಸಿಲಿನ ಕಾಟವೂ ಕಡಿಮೆ.

ಈಗ ನಾನು ಗಟ್ಟಿಯಾಗಿ ಹೇಳಬೇಕಾದ ಮಾತು. ದಯವಿಟ್ಟು ತಲೆ ಎತ್ತರಕ್ಕೆ ಕಟ್ಟಬೇಡಿ. ಕುದುರೆ ತಲೆ ತಗ್ಗಿಸಿದಾಗ ಮಾತ್ರ ಶ್ವಾಸನಾಳದ ಕಫ, ಧೂಳು ಹೊರಗೆ ಬರುತ್ತದೆ. ಹತ್ತು ಹನ್ನೆರಡು ಗಂಟೆ ತಲೆ ಮೇಲೆತ್ತಿ ನಿಂತರೆ ಅದೆಲ್ಲ ಒಳಗೆ ಇಳಿದು ಪುಪ್ಪುಸಕ್ಕೆ ಸೋಂಕಾಗುತ್ತದೆ. ವರ್ಷಗಳ ಹಿಂದೆ ಮೆರವಣಿಗೆಗೆ ಹೋಗಿ ಬಂದ ಒಂದು ಗಂಡು ಕುದುರೆಯನ್ನು ನನ್ನ ಹತ್ತಿರ ತಂದಿದ್ದರು. ರಾತ್ರಿಯಿಡೀ ಲಾರಿ ಕಂಬಿಗೆ ಗಿಡ್ಡ ಹಗ್ಗದಲ್ಲಿ ಬಿಗಿದಿದ್ದರಂತೆ. ಇಳಿದಾಗ ಚೆನ್ನಾಗೇ ಇತ್ತು. ಮೂರನೇ ದಿನ ಜ್ವರ, ಮೇವು ಮುಟ್ಟಲಿಲ್ಲ, ಮೂಗಿನಲ್ಲಿ ಕೀವು. ಎಷ್ಟು ಪ್ರಯತ್ನಪಟ್ಟರೂ ಉಳಿಸಿಕೊಳ್ಳಲು ಆಗಲಿಲ್ಲ. ಆ ಮನೆಯವರ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಹಗ್ಗ ಸ್ವಲ್ಪ ಸಡಿಲ ಇರಲಿ. ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ಹಗ್ಗ ಬಿಚ್ಚಿ, ಅರ್ಧ ಗಂಟೆ ತಲೆ ಕೆಳಗೆ ಹಾಕಲು ಬಿಡಿ. ನೆಲದ ಮೇಲೆ ಒಂದು ಹಿಡಿ ಹುಲ್ಲು ಇಟ್ಟರೆ ತಾನಾಗಿಯೇ ಬಗ್ಗುತ್ತದೆ.

ನಿಮ್ಮ ಕಡೆ ರೈಸ್ ಮಿಲ್ ಜಾಸ್ತಿ. ಭತ್ತದ ಹೊಟ್ಟು ಸುಮ್ನೆ ಸಿಗುತ್ತದೆ ಅಂತ ಲಾರಿ ತುಂಬ ಹಾಸಿಬಿಡುತ್ತಾರೆ. ಓಡುವ ಗಾಡಿಯಲ್ಲಿ ಅದರ ಧೂಳೆಲ್ಲ ಮೂಗಿಗೇ ಹೋಗುತ್ತದೆ. ಕಾಲು ಜಾರದ ಹಾಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಹುಲ್ಲನ್ನೂ ನೀರು ಚಿಮುಕಿಸಿಯೇ ಕೊಡಿ. ಹಿಂದೆ ಮುಂದೆ, ಪಕ್ಕದಲ್ಲಿ ಗಟ್ಟಿ ಬಿದಿರಿನ ಅಡ್ಡಗಂಬ ಬೇಕು. ಅದು 8 ಸೆಂ.ಮೀ.ಗಿಂತ ತೆಳುವಾಗಿರಬಾರದು. ಎದುರು ಬರುವ ಗಾಡಿಗಳಿಗೆ ಬೆದರದಂತೆ ತಲೆ ಎಡಗಡೆಗೆ ಇರಲಿ. ಮುಂದಿನ ಗಾಳಿಗೆ ತಾಡಪಾಲು ಕಟ್ಟಿ, ಆದರೆ ಪೂರ್ತಿ ಮುಚ್ಚಬೇಡಿ.

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆ ಕೆಟ್ಟರೆ ನೇರ ಶೂಲೆ. ಹೊರಡುವ ಹಿಂದಿನ ದಿನದಿಂದ ಹುರುಳಿ, ಜೋಳ ಕಡಿಮೆ ಮಾಡಿ ಹುಲ್ಲು ಜಾಸ್ತಿ ಕೊಡಿ. ಬೆಂಗಳೂರಿನಲ್ಲಿ ಹೊಸ ಮೇವು ಕೊಳ್ಳಬೇಡಿ, ಮನೆಯದ್ದೇ ಒಯ್ಯಿರಿ. ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಬೇರೆ ಊರಿನ ನೀರಿನ ರುಚಿ ಹಿಡಿಸದೆ ಎಷ್ಟೋ ಕುದುರೆ ಕುಡಿಯುವುದನ್ನೇ ನಿಲ್ಲಿಸುತ್ತವೆ. ಒಂದು ವಾರ ಮುಂಚೆಯೇ ಮನೆ ನೀರಿಗೆ ಚೂರು ಬೆಲ್ಲ ಹಾಕಿ ರೂಢಿ ಮಾಡಿಸಿ. ಅಲ್ಲೂ ಅಷ್ಟೇ ಬೆಲ್ಲ ಹಾಕಿದರೆ ತನ್ನದೇ ನೀರು ಅಂತ ಕುಡಿಯುತ್ತದೆ.

ಕಾಗದ ಪತ್ರ ಈಗಲೇ ಶುರು ಮಾಡಿ. ಗ್ಲ್ಯಾಂಡರ್ಸ್ ರೋಗ ಇಲ್ಲವೆಂಬ ರಕ್ತ ಪರೀಕ್ಷೆಯ ವರದಿ ಬೇಕಾ ಅಂತ ಸ್ಪರ್ಧೆಯವರನ್ನು ಮೊದಲು ಕೇಳಿ. ಅದು ಮನುಷ್ಯರಿಗೂ ಹರಡುವ ರೋಗ. ವರದಿ ಬರಲು ಸಮಯ ಹಿಡಿಯುತ್ತದೆ, ಗಂಗಾವತಿ ಪಶು ಆಸ್ಪತ್ರೆಯಲ್ಲಿ ಬೇಗ ರಕ್ತ ಕೊಡಿಸಿ. ಪ್ರಯಾಣಕ್ಕೆ ಯೋಗ್ಯ ಎಂಬ ವೈದ್ಯರ ಸರ್ಟಿಫಿಕೇಟ್ ಲಾರಿಯಲ್ಲೇ ಇರಲಿ. ಕುದುರೆ ಶೀತಜ್ವರದ ಲಸಿಕೆಯನ್ನೂ ಮರೆಯಬೇಡಿ. 2008ರಲ್ಲಿ ಆ ರೋಗ ಬಂದು ದೇಶದ ಹಲವು ರೇಸ್ ಕೋರ್ಸ್‌ಗಳಲ್ಲಿ ಓಟವೇ ನಿಂತಿತ್ತು. ನೂರಾರು ಕುದುರೆ ಸೇರುವ ಜಾಗ ಅಲ್ವಾ?

ಲಾರಿ ಹತ್ತುವುದನ್ನೂ ಈಗಿನಿಂದ ಕಲಿಸಿ. ಅಂಗಳದಲ್ಲಿ ನಿಂತ ಲಾರಿಯಲ್ಲೇ ದಿನಾ ಒಂದು ಹೊತ್ತು ಮೇವು ಹಾಕಿ. ಆಮೇಲೆ ಹಿಟ್ನಾಳ್ ಕ್ರಾಸ್‌ವರೆಗೆ ಹೋಗಿ ಬನ್ನಿ. ನಿದ್ದೆ ಬರಿಸುವ ಇಂಜೆಕ್ಷನ್ ಕೊಡಿಸಿ ಹತ್ತಿಸೋದು ಬೇಡವೇ ಬೇಡ. ಗಾಡಿಯಲ್ಲಿ ತೂಕ ತಪ್ಪಿ ಬೀಳುತ್ತದೆ.

ಮನೆಯವರಿಗೆ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ಕೊಪ್ಪಳ ಅಥವಾ ಹೊಸಪೇಟೆಯಲ್ಲಿ ಹತ್ತಿ, ಯಲಹಂಕದಲ್ಲೇ ಇಳಿಯಿರಿ. ಬೆಟ್ಟಹಲಸೂರು ಅಲ್ಲಿಂದ ಹತ್ತಿರ, ಮೆಜೆಸ್ಟಿಕ್‌ವರೆಗೆ ಹೋಗಿ ತಿರುಗಿ ಬರುವುದು ಬೇಡ. ಕುದುರೆಗೆ ಚೆನ್ನಾಗಿ ಪರಿಚಯ ಇರುವ ಒಬ್ಬರು ಮಾತ್ರ ಲಾರಿಯಲ್ಲಿ ಬರಲಿ. ದಾರಿಯಲ್ಲಿ ಹೊಟ್ಟೆ ಒದ್ದುಕೊಂಡರೆ, ಬೆವರು ಸುರಿದರೆ, ತಡ ಮಾಡದೆ 1962ಕ್ಕೆ ಫೋನ್ ಮಾಡಿ. ಅದು ಪಶು ಆಂಬುಲೆನ್ಸ್ ನಂಬರ್.

ಇಳಿಸಿದ ಮೇಲೆ ಮೂರು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ. 101.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಸ್ಪರ್ಧೆ ಬಿಡಿ, ಅಲ್ಲಿರುವ ಪಶುವೈದ್ಯರಿಗೆ ತೋರಿಸಿ. ಮಗಳಿಗೆ ಬೇಜಾರಾಗುತ್ತದೆ, ಗೊತ್ತು. ಅದಕ್ಕೇ ಹೊರಡುವ ಮುಂಚೆಯೇ ಅವಳ ಜೊತೆ ಕೂತು ಇದನ್ನು ಮಾತಾಡಿಕೊಳ್ಳಿ. ಥರ್ಮಾಮೀಟರ್ ಅವಳ ಕೈಗೇ ಕೊಡಿ.