ಹೊಸ ಮನೆ ಸೋರುತ್ತಿದೆ, ಯಾರ ಮಾತು ಕೇಳೋಣ?

ಪ್ರಶ್ನೆ: ಸರ್, ಫೆಬ್ರವರಿಯಲ್ಲಿ ಗೃಹಪ್ರವೇಶ ಮಾಡಿದೆವು. ಮೇ ತಿಂಗಳ ಗಾಳಿಮಳೆಗೆ ಪಶ್ಚಿಮದ ರೂಮಿನ ಕಿಟಕಿ ಕೆಳಗೆ ಗೋಡೆಯೆಲ್ಲ ಒದ್ದೆಯಾಯಿತು. ಹಾಲ್‌ನಲ್ಲಿ ಫ್ಯಾನಿನ ಹತ್ತಿರವೂ ನೀರು ತೊಟ್ಟಿಕ್ಕಿತು. ಕಂಟ್ರಾಕ್ಟರ್ ಕೇಳಿದರೆ ‘ಹೊಸ ಮನೆಗೆ ಇದೆಲ್ಲ ಮಾಮೂಲಿ, ಒಂದು ಮಳೆಗಾಲ ಹೋಗಲಿ’ ಅಂತಾರೆ. ಪೇಂಟ್ ಅಂಗಡಿಯವರು ತಾರಸಿಗೆ ಪೂರ್ತಿ ವಾಟರ್‌ಪ್ರೂಫ್ ಹೊಡೆಸಿ ಅಂತಾರೆ. ಏನು ಮಾಡೋದು?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮೊದಲು ಹಾಲ್‌ನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಮೋಲ್ಡ್ ಒಳಗಿನ ವೈರಿಂಗ್ ಪೈಪಿಗೆ ನೀರು ಸೇರಿದ್ದರೆ ಅದು ಸ್ವಿಚ್ ಬೋರ್ಡಿಗೂ ಇಳಿಯುತ್ತದೆ. ಎಲೆಕ್ಟ್ರಿಷಿಯನ್ ನೋಡುವ ತನಕ ಆ ಫ್ಯಾನ್ ಹಾಕಬೇಡಿ.

ನಿಮ್ಮದು ಒಂದೇ ಸೋರಿಕೆ ಅಲ್ಲ, ಎರಡು ಅನಿಸುತ್ತದೆ. ಮುಂಗಾರಿಗೆ ಮುಂಚಿನ ಮಳೆ ನಮ್ಮ ಕಡೆ ನೆಟ್ಟಗೆ ಬೀಳುವುದೇ ಅಪರೂಪ, ಗಾಳಿ ಅದನ್ನು ಅಡ್ಡಡ್ಡ ಗೋಡೆಗೆ ಹೊಡೆಯುತ್ತದೆ, ಆಗ ಸಜ್ಜಾ ಇದ್ದರೂ ಅಷ್ಟಕ್ಕಷ್ಟೇ. ಕಿಟಕಿ ಕೆಳಗಿನ ಕಲ್ಲು ಹೊರಗಡೆಗೆ ಇಳಿಜಾರಿದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಅದು ಮಟ್ಟಸ, ಇಲ್ಲಾ ಒಳಗಡೆಗೇ ಇಳಿಜಾರು! ಫ್ರೇಮಿಗೂ ಗೋಡೆಗೂ ನಡುವೆ ಸಂದಿ ಇದ್ದರೆ ಸಿಲಿಕೋನ್ ಸೀಲೆಂಟ್ ತುಂಬಿಸಿ. ಆದರೆ ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್‌ನಲ್ಲಿ ಹೊರಗಡೆಗೆ ಇರುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ, ಅವು ಇರುವುದೇ ನೀರು ಹೊರಹೋಗಲಿಕ್ಕೆ. ಕಟ್ಟುವಾಗ ಅವುಗಳಲ್ಲಿ ಸಿಮೆಂಟ್ ಕೂತಿರುತ್ತದೆ, ಕಡ್ಡಿ ಹಾಕಿ ಬಿಡಿಸಿ. ಆಮೇಲೆ ಬಿಸಿಲಿರುವ ದಿನ ಪೈಪಿನಿಂದ ಹೊರಗೋಡೆಗೆ ನೀರು ಬಿಡಿ. ಕೆಳಗಿನಿಂದ ಶುರುಮಾಡಿ, ಒಂದೊಂದೇ ಜಾಗಕ್ಕೆ ಸ್ವಲ್ಪ ಹೊತ್ತು ಬಿಡುತ್ತಾ ಮೇಲಕ್ಕೆ ಹೋಗಿ, ಒಳಗೆ ಒಬ್ಬರು ನಿಂತು ನೋಡಲಿ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ.

ಇನ್ನು ಫ್ಯಾನಿನ ಹತ್ತಿರದ್ದು. ನೀರು ತೊಟ್ಟಿಕ್ಕಿದ ಜಾಗದ ನೇರ ಮೇಲೆಯೇ ಬಿರುಕು ಇರಬೇಕು ಅಂತೇನಿಲ್ಲ, ಪೈಪಿನ ಜೊತೆ ಹರಿದು ಎಲ್ಲಿಂದಲೋ ಬಂದಿರಬಹುದು. ತಾರಸಿಯ ಮಳೆನೀರಿನ ಪೈಪಿಗೆ ಬಟ್ಟೆ ತುರುಕಿ ಒಂದೆರಡು ಇಂಚು ನೀರು ನಿಲ್ಲಿಸಿ. 24 ಗಂಟೆ ಬಿಡಿ. ಕೆಳಗೆ ಒದ್ದೆಯಾದರೆ ತಪ್ಪು ಮೋಲ್ಡ್‌ನದು, ಇಲ್ಲಾ ಪೈಪ್ ಕೂರಿಸಿದ ಕಡೆಯದು. ಏನೂ ಆಗದಿದ್ದರೆ ಪ್ಯಾರಾಪೆಟ್ ಗೋಡೆಯ ಬುಡ, ಅದರ ತಲೆ ನೋಡಿ. ಹಾಗೇ ಇಳಿಜಾರನ್ನೂ ಅಳೆಸಿ, 10 ಅಡಿಗೆ ಒಂದೂಕಾಲು ಇಂಚಾದರೂ ಬೇಕು. ಇಷ್ಟು ಗೊತ್ತಾಗದೆ ಪೂರ್ತಿ ತಾರಸಿಗೆ ಬಳಿಸಿದರೆ ಸುಮ್ನೆ ದುಡ್ಡು ದಂಡ.

ಕಂಟ್ರಾಕ್ಟರ್‌ಗೆ ಬಾಯಲ್ಲಿ ಹೇಳಬೇಡಿ. ಫೋಟೋ, ತಾರೀಖು ಸಮೇತ ಬರೆದು ಕಳಿಸಿ. ಕೊನೇ ಕಂತು ಬಾಕಿ ಇದ್ದರೆ, ರಿಪೇರಿ ಆಗದೆ ಕೊಡಲೇಬೇಡಿ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಪ್ರಾಜೆಕ್ಟಿನ ಮನೆಯಾದರೆ, ಕೈಗೆ ಸಿಕ್ಕ 5 ವರ್ಷದೊಳಗೆ ಕಾಣುವ ಕಟ್ಟಡದ ದೋಷ, ಕೆಲಸದ ದೋಷವನ್ನು ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಬೇಕು, 2016ರ ಕಾಯ್ದೆಯಲ್ಲೇ ಇದೆ. ಸ್ವಂತ ಸೈಟಿನಲ್ಲಿ ಕಟ್ಟಿಸಿದ್ದಾದರೆ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿಗೆ 2 ವರ್ಷದೊಳಗೆ ಹೋಗಬೇಕು, ಆಗ ಅಗ್ರಿಮೆಂಟ್, ಬಿಲ್ಲು ಎಲ್ಲ ಬೇಕಾಗುತ್ತದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ವಿಚಾರಿಸಿ.

ಗೋಡೆ ಪೂರ್ತಿ ಒಣಗದೆ ಪುಟ್ಟಿ, ಪೇಂಟ್ ಮುಟ್ಟಬೇಡಿ. ಒದ್ದೆ ಮೇಲೆ ಬಳಿದದ್ದು ಗುಳ್ಳೆ ಎದ್ದು ಉದುರುತ್ತದೆ.

ಪ್ರಶ್ನೆ: ಮನೆ ಚೆನ್ನಾಗಿಯೇ ಇತ್ತು. ಸೋಲಾರ್ ವಾಟರ್ ಹೀಟರ್ ಹಾಕಿಸಿದ ಮೇಲೆ ಅದರ ಕೆಳಗಿನ ರೂಮು ಸೋರುತ್ತಿದೆ.
– ಓದುಗರು, ಚಿತ್ರದುರ್ಗ

ಉತ್ತರ: ಸ್ಟ್ಯಾಂಡಿನ ಕಾಲಿಗೆ ಮೋಲ್ಡ್ ಕೊರೆದು ಬೋಲ್ಟ್ ಹಾಕಿರುತ್ತಾರೆ. ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವ ಊರು ನಿಮ್ಮದು, ಬೋಲ್ಟ್ ಬಿಚ್ಚಿ ಹಾಗೇ ಬಿಡುವಂತಿಲ್ಲ. ತೂತು ಸ್ವಚ್ಛ ಮಾಡಿಸಿ, ಎಪಾಕ್ಸಿ ತುಂಬಿಸಿ ಮತ್ತೆ ಬಿಗಿಸಲಿ. ಪ್ರತಿ ಕಾಲಿನ ಸುತ್ತ ಕಾಂಕ್ರೀಟ್ ದಿಂಡು ಕಟ್ಟಿಸಿ, ನೀರು ನಿಲ್ಲದ ಹಾಗೆ ಅಂಚು ಇಳಿಜಾರಿರಲಿ. ಅದಕ್ಕೂ ಮುಂಚೆ ಒಂದು ಮಾತು: ಮಳೆ ಇಲ್ಲದ ದಿನವೂ ಅಲ್ಲಿ ಒದ್ದೆ ಇದೆಯಾ? ಇದ್ದರೆ ಹೀಟರಿನ ಪೈಪೇ ಸೋರುತ್ತಿರುತ್ತದೆ. ಆಗ ಮೇಸ್ತ್ರಿ ಬೇಡ, ಪ್ಲಂಬರ್ ಸಾಕು.