ಪತ್ರದಲ್ಲಿ ಕಾರಿಗೆ ಒಂದೇ ವಾಕ್ಯ

ಪ್ರಶ್ನೆ: ನನಗೆ 31 ವರ್ಷ. ಐದು ತಿಂಗಳ ಹಿಂದೆ ಸ್ಕೂಟರಿನಲ್ಲಿ ಹೋಗುವಾಗ ಅಪಘಾತವಾಯಿತು. ಓಡಿಸುತ್ತಿದ್ದವಳು ನಾನು, ಹಿಂದೆ ಕೂತಿದ್ದವನು ತಮ್ಮ. ಅಡ್ಡರಸ್ತೆಯಿಂದ ಬಂದ ಕಾರು ನಿಲ್ಲದೆ ಗುದ್ದಿತು. ನನಗೆ ತರಚಿದ ಗಾಯ ಅಷ್ಟೆ. ಅವನ ಕಾಲಿಗೆ ಎರಡು ಆಪರೇಷನ್ ಆದವು, ಸೇರಬೇಕಿದ್ದ ಹೊಸ ಕೆಲಸವೂ ಕೈತಪ್ಪಿತು. ಅವತ್ತು ಅವನು ‘ಸುಸ್ತಾಗಿದೆ, ನಾನು ಬರಲ್ಲ’ ಅಂದಿದ್ದ. ಒತ್ತಾಯ ಮಾಡಿ ಹೊರಡಿಸಿದವಳು ನಾನೇ. ದಿನಾ ರಾತ್ರಿ ಅದೇ ಯೋಚನೆ, ನಿದ್ದೆಯಿಲ್ಲ. ನನಗೇ ಆಗಬಾರದಿತ್ತಾ ಅನ್ನಿಸುತ್ತದೆ. ಕೆಲವರು ‘ಎಲ್ಲ ಒಳ್ಳೆಯದಕ್ಕೇ’ ಅನ್ನುತ್ತಾರೆ, ಇನ್ನು ಕೆಲವರು ‘ಆ ಹೊತ್ತಿನಲ್ಲಿ ಹೋಗೋದು ಏನಿತ್ತು’ ಅನ್ನುತ್ತಾರೆ. ತಮ್ಮ ಏನೂ ಅನ್ನುವುದಿಲ್ಲ. ಅವನ ಕೋಣೆಗೆ ಹೋಗಲು ನನಗೆ ಧೈರ್ಯವಿಲ್ಲ. ಇದನ್ನು ಮರೆಯುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗುದ್ದಿದ ಕಾರಿನ ಬಗ್ಗೆ ಒಂದೇ ಒಂದು ವಾಕ್ಯ ಇದೆ. ನಿಮ್ಮ ಬಗ್ಗೆ ಮಾತ್ರ ಇಡೀ ಆರೋಪಪಟ್ಟಿ. ಬರೆಯುವಾಗ ಇದು ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ರಾತ್ರಿ ನಿಮ್ಮ ತಲೆಯಲ್ಲಿ ನಡೆಯುತ್ತಿರುವುದು ಒಂದು ವಿಚಾರಣೆ. ಅದರಲ್ಲೊಂದು ಮೋಸವಿದೆ. ಕಟಕಟೆಯಲ್ಲಿ ನಿಂತಿರುವವಳು ಅವತ್ತು ಸಂಜೆಯ ನೀವು. ಅವಳಿಗೆ ಕಾರು ಬರುವುದು ಗೊತ್ತಿಲ್ಲ. ತೀರ್ಪು ಕೊಡುತ್ತಿರುವವಳು ಇವತ್ತಿನ ನೀವು. ಅವಳಿಗೆ ಎಲ್ಲ ಗೊತ್ತು. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಅನ್ನುತ್ತಾರಲ್ಲ, ನೀವು ಅದನ್ನು ನಿಮಗೇ ಹಾಕಿಕೊಂಡಿದ್ದೀರಿ. ಆದರೆ ಅವತ್ತು ನಿಮಗೆ ಬುದ್ಧಿ ಕಮ್ಮಿ ಇರಲಿಲ್ಲ. ಸುದ್ದಿ ಇರಲಿಲ್ಲ, ಅಷ್ಟೆ.

1975ರಲ್ಲಿ ಬಾರೂಕ್ ಫಿಷ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ಜನರಿಗೆ ಹಳೆಯ ಘಟನೆಯೊಂದರ ವಿವರ ಕೊಟ್ಟು, ಕೊನೆಗೆ ಏನಾಯಿತು ಅನ್ನುವುದನ್ನು ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿದರು. ಯಾರಿಗೆ ಯಾವ ಕೊನೆ ಹೇಳಿದರೋ ಅವರಿಗೆ ಅದೇ ಆಗುವಂತಿತ್ತು ಅನ್ನಿಸಿತು. ಗೊತ್ತಾದ ಕೊನೆಯನ್ನು ಪಕ್ಕಕ್ಕಿಟ್ಟು ಯೋಚಿಸಿ ಅಂದರೂ ಆಗಲಿಲ್ಲ. ಯಾರದೋ ಕಥೆಯಲ್ಲೇ ಹೀಗಾದರೆ, ನಿಮ್ಮ ತಮ್ಮನ ಕಾಲಿನ ವಿಷಯದಲ್ಲಿ ನೀವು ನಿಷ್ಪಕ್ಷಪಾತಿಯಾಗಿ ಇರುವುದು ಸಾಧ್ಯವೇ?

ಸುಸ್ತಾಗಿದೆ ಅಂದವರನ್ನು ‘ಏ ಬಾ, ಸುಮ್ನೆ’ ಅಂತ ಎಬ್ಬಿಸಿಕೊಂಡು ಹೋಗಿರುವುದು ಇದೇ ಮೊದಲಾ? ಹತ್ತಾರು ಸಲ ಕರೆದುಕೊಂಡು ಹೋಗಿದ್ದೀರಿ, ನಗುತ್ತಾ ವಾಪಸ್ಸು ಬಂದಿದ್ದೀರಿ. ಆ ಸಂಜೆಗಳು ಯಾವುವೂ ಸಾಕ್ಷಿ ಹೇಳಲು ಬರುವುದಿಲ್ಲ, ನೋಡಿ.

ಹಾಗಂತ ‘ನಿಮ್ಮದೇನೂ ಪಾತ್ರವಿಲ್ಲ’ ಅಂತ ನಾನು ಹೇಳುವುದಿಲ್ಲ. ಹೇಳಿದರೂ ನೀವು ನಂಬುವುದಿಲ್ಲ. ನೀವು ಒತ್ತಾಯ ಮಾಡಿದ್ದು ನಿಜ. ಅದಕ್ಕೆ ಬೇಸರಪಡಿ, ಅದರಲ್ಲಿ ತಪ್ಪಿಲ್ಲ. ಆದರೆ ಒತ್ತಾಯ ನಿಮ್ಮದು, ಗುದ್ದಿದ್ದು ಆ ಕಾರು. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ ಹೊತ್ತುಕೊಂಡರೆ ಬೆನ್ನು ಮುರಿಯದೆ ಇರುತ್ತಾ?

ಎಷ್ಟು ಯೋಚಿಸಿದರೆ ಅಷ್ಟು ಪ್ರಾಯಶ್ಚಿತ್ತ ಅಂತ ನಿಮಗೆ ಒಳಗೊಳಗೇ ಅನ್ನಿಸುತ್ತಿರಬಹುದು. ಯೋಚನೆ ಬಿಟ್ಟರೆ ತಮ್ಮನಿಗೆ ದ್ರೋಹ ಮಾಡಿದಂತೆ ಅಂತಲೂ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪವಾಯಿತು. ಸೂಸನ್ ನೋಲನ್-ಹೋಕ್ಸೆಮಾ ಎಂಬ ಸಂಶೋಧಕಿ ಅದಕ್ಕೆ ಎರಡು ವಾರ ಮುಂಚೆ, ಬೇರೆ ಕೆಲಸಕ್ಕಾಗಿ, ಅಲ್ಲಿನ ವಿದ್ಯಾರ್ಥಿಗಳ ಮನಸ್ಥಿತಿಯನ್ನು ಅಳೆದಿಟ್ಟಿದ್ದರು. ಕಂಪನದ ನಂತರ ಅವರನ್ನೇ ಮತ್ತೆ ವಿಚಾರಿಸಿದರು. ಬೇಸರವಾದಾಗ ‘ನನಗೇಕೆ ಹೀಗೆ’ ಅಂತ ಅದನ್ನೇ ಮೆಲುಕು ಹಾಕುವ ಅಭ್ಯಾಸವಿದ್ದವರು ಏಳು ವಾರ ಕಳೆದ ಮೇಲೂ ಉಳಿದವರಿಗಿಂತ ಜಾಸ್ತಿ ಕುಗ್ಗಿದ್ದರು. ಗಾಯವನ್ನು ಕೆರೆಯುವುದು ಗಾಯದ ಆರೈಕೆ ಅಲ್ಲ. ಎರಡೂ ಕೆಲಸದಲ್ಲಿ ಕೈ ಗಾಯದ ಮೇಲೇ ಇರುತ್ತದೆ, ಅದಕ್ಕೇ ಮೋಸಹೋಗುತ್ತೇವೆ.

ನೀವು ಮರೆಯುವುದು ಹೇಗೆ ಅಂತ ಕೇಳಿದ್ದೀರಿ. ಮರೆಯಲು ಆಗುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ‘ಯಾಕೆ ಕರೆದೆ’ ಎಂಬ ಪ್ರಶ್ನೆ ಬಂದಾಗ ಅದನ್ನು ‘ನಾಳೆ ಅವನಿಗೆ ಏನು ಬೇಕು’ ಎಂಬ ಪ್ರಶ್ನೆಗೆ ತಿರುಗಿಸಿ. ಇದಕ್ಕೆ ಉತ್ತರ ಸಿಗುತ್ತದೆ. ಫಿಸಿಯೋಥೆರಪಿಗೆ ಕರೆದೊಯ್ಯುವುದು, ಕೆಲಸದ ಅರ್ಜಿ ತುಂಬುವಾಗ ಜೊತೆಗೆ ಕೂರುವುದು. ಮೊದಲನೆಯ ಪ್ರಶ್ನೆಗೆ ಐದು ತಿಂಗಳಿಂದ ಉತ್ತರ ಸಿಕ್ಕಿಲ್ಲ, ಅಲ್ವಾ?

ಬರೆಯುವ ಅಭ್ಯಾಸವಿದ್ದರೆ ಅದನ್ನೂ ಮಾಡಿ ನೋಡಿ. ಜೇಮ್ಸ್ ಪೆನ್ನಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಮಾಡಿಸಿದ ಪ್ರಯೋಗ ಬಹಳ ಸರಳ. ದಿನಕ್ಕೆ 15 ನಿಮಿಷ, ನಾಲ್ಕು ದಿನ, ಯಾರಿಗೂ ಹೇಳದ ನೋವನ್ನು ಕಾಗದದ ಮೇಲೆ ಇಳಿಸುವುದು. ಬರೆದ ದಿನ ಮನಸ್ಸು ಇನ್ನಷ್ಟು ಭಾರವಾಗುತ್ತದೆ, ಹೆದರಬೇಡಿ. ಆದರೆ ನಾಲ್ಕೂ ದಿನ ಅದೇ ವಾಕ್ಯಗಳೇ ಬರುತ್ತಿದ್ದರೆ ನಿಲ್ಲಿಸಿಬಿಡಿ. ಅದು ಮತ್ತೆ ಮೆಲುಕೇ.

ಬಂಧುಗಳ ವಿಷಯ. ‘ಎಲ್ಲ ಒಳ್ಳೆಯದಕ್ಕೇ’ ಅನ್ನುವವರಿಗೆ ಏನು ಹೇಳಬೇಕೋ ಗೊತ್ತಿರುವುದಿಲ್ಲ, ಬಾಯಿಗೆ ಬಂದದ್ದನ್ನು ಹೇಳುತ್ತಾರೆ. (ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ, ಅದು ಬೇರೆ ವಿಷಯ.) ‘ಆ ಹೊತ್ತಿನಲ್ಲಿ ಯಾಕೆ ಹೋದೆ’ ಅನ್ನುವವರದ್ದು ಹೆದರಿಕೆ. ನಿಮ್ಮದೊಂದು ತಪ್ಪು ಸಿಕ್ಕಿದರೆ, ಆ ತಪ್ಪು ಮಾಡದ ತಮಗೆ ಹಾಗಾಗುವುದಿಲ್ಲ ಅಂತ ಅವರಿಗೆ ಸಮಾಧಾನ. ಇಬ್ಬರಿಗೂ ಉತ್ತರ ಕೊಡಬೇಕಿಲ್ಲ.

ನಿದ್ದೆಯ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣು ಮುಚ್ಚಿದರೆ ಅದೇ ದೃಶ್ಯ, ಹಾರ್ನ್ ಕೇಳಿದರೆ ಬೆಚ್ಚುವುದು, ಆ ರಸ್ತೆಯನ್ನೇ ತಪ್ಪಿಸುವುದು, ಇವು ಅಪಘಾತದ ನಂತರ ಕೆಲವು ವಾರ ಇರುವುದು ಸಹಜ. ಒಂದು ತಿಂಗಳು ದಾಟಿಯೂ ಬಿಡದಿದ್ದರೆ ಆಘಾತದ ಚಿಕಿತ್ಸೆ ಗೊತ್ತಿರುವ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಬೇಕು. ನಿಮಗೆ ಐದು ತಿಂಗಳಾಗಿದೆ. ಇದಕ್ಕೆ ಮಾತಿನ ಮೂಲಕವೇ ಕೊಡುವ ಒಳ್ಳೆಯ ಚಿಕಿತ್ಸೆಗಳಿವೆ. ನಿಮ್ಮಷ್ಟಕ್ಕೆ ನಿದ್ದೆ ಮಾತ್ರೆ ನುಂಗಬೇಡಿ. ‘ನನಗೇ ಆಗಬಾರದಿತ್ತಾ’ ಎಂಬ ಯೋಚನೆ ಬದುಕುಳಿದ ಬಹಳ ಜನಕ್ಕೆ ಬರುತ್ತದೆ. ಅದು ಯಾವತ್ತಾದರೂ ‘ನಾನು ಇರಲೇಬಾರದು’ ಎಂಬ ಕಡೆಗೆ ಹೊರಳಿದರೆ ಅವತ್ತೇ, ಆ ಗಳಿಗೆಯಲ್ಲೇ ಯಾರಿಗಾದರೂ ಹೇಳಿ, ವೈದ್ಯರ ಬಳಿ ಹೋಗಿ.

ಇನ್ನು ತಮ್ಮ. ಅವನು ಏನೂ ಅನ್ನುವುದಿಲ್ಲ ಅಂದಿರಿ. ಆ ಮೌನಕ್ಕೆ ನೀವು ಸಿಟ್ಟು ಅಂತ ಅರ್ಥ ಹಚ್ಚಿದ್ದೀರಿ. ಸಿಟ್ಟೂ ಇರಬಹುದು. ಅಥವಾ ಅವನ ಕಡೆಯಿಂದ ನೋಡಿ: ಕಾಲಿಗೆ ಪೆಟ್ಟಾಯಿತು, ಕೆಲಸ ಹೋಯಿತು, ಈಗ ಅಕ್ಕನೂ ಕೋಣೆಯ ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಾಳೆ.

ಅವನ ಮುಂದೆ ಅಳುತ್ತಾ ಕ್ಷಮೆ ಕೇಳಬೇಡಿ. ಹಾಸಿಗೆಯಲ್ಲಿರುವವನು ಎದ್ದು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಕುರ್ಚಿ ಎಳೆದುಕೊಂಡು ಕೂತು ಹೇಳಿ: ‘ಅವತ್ತು ನಿನ್ನನ್ನು ಬಲವಂತ ಮಾಡಿದ್ದು ನನ್ನನ್ನು ಕಾಡುತ್ತಿದೆ. ನಿನಗೆ ಏನನ್ನಿಸುತ್ತೆ, ಹೇಳು.’ ಆಮೇಲೆ ಬಾಯಿ ಮುಚ್ಚಿಕೊಂಡು ಕೂತುಬಿಡಿ. ಬೈದರೆ ಬೈಯಲಿ. ಏನೂ ಹೇಳದೆ ಗೋಡೆ ಕಡೆ ತಿರುಗಿದರೂ ಎದ್ದು ಬರಬೇಡಿ, ಇನ್ನೊಂದು ಹತ್ತು ನಿಮಿಷ ಅಲ್ಲೇ ಇರಿ. ನಾಳೆ ಮತ್ತೆ ಹೋಗಿ.