ಕೊಚ್ಚಿಯಲ್ಲಿ ಹಡಗು ನಿಲ್ಲುವ ಒಂದು ಹಗಲು

ಪ್ರಶ್ನೆ: ಮುಂಬೈಯಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಕೊಚ್ಚಿಯಲ್ಲಿ ಬೆಳಗ್ಗೆ 8ಕ್ಕೆ ಇಳಿದರೆ ಸಂಜೆ 4.30ಕ್ಕೆ ವಾಪಸ್ ಹತ್ತಬೇಕಂತೆ. ಹಡಗಿನವರ ಟೂರಿಗೆ ದುಡ್ಡು ಜಾಸ್ತಿ. ನಮಗೆ ಮಲಯಾಳ ಬರುತ್ತದೆ, ನಾವೇ ಸುತ್ತಬಹುದಲ್ವಾ? ಅಮ್ಮನಿಗೆ 68, ಮಂಡಿನೋವು. ಕೋಟೆ, ಚರ್ಚು ಅಂದರೆ ಅವರಿಗೆ ಅಷ್ಟಕ್ಕಷ್ಟೇ. ನಮ್ಮ ಮನೆಮಾತು ಕೊಂಕಣಿ.
– ಓದುಗರು, ಮಂಜೇಶ್ವರ

ಉತ್ತರ: ಧಾರಾಳವಾಗಿ ಸುತ್ತಿ. ಒಂದು ಮಾತ್ರ ನೆನಪಿರಲಿ. ಹಡಗಿನವರದೇ ಟೂರ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ನಾವಾಗಿಯೇ ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಹಾಗಾಗಿ 3 ಗಂಟೆಗೆಲ್ಲ ಸುತ್ತಾಟದ ಕೊನೆಯ ಜಾಗವಾದ ಫೋರ್ಟ್ ಕೊಚ್ಚಿಯಿಂದ ಹೊರಟುಬಿಡಿ.

ಹಡಗು ನಿಲ್ಲುವುದು ವಿಲ್ಲಿಂಗ್‌ಡನ್ ದ್ವೀಪದಲ್ಲಿ. ಬಂದರು ಆಳ ಮಾಡುವಾಗ ಎತ್ತಿದ ಹೂಳಿನಿಂದಲೇ ಕಟ್ಟಿದ ದ್ವೀಪ ಅದು. ಅಲ್ಲಿಂದ ಇಡೀ ಹಗಲಿಗೆ ಒಂದೇ ಆಟೋ ಮಾತಾಡಿಕೊಳ್ಳಿ, ಅಮ್ಮನ ಮಂಡಿಗೂ ಒಳ್ಳೆಯದು.

ಎಲ್ಲರೂ ಮೊದಲು ಚೀನಾ ಬಲೆ (ದಡದಲ್ಲಿ ನಿಲ್ಲಿಸಿದ ದೊಡ್ಡ ಮೀನುಬಲೆ) ನೋಡಲು ಓಡುತ್ತಾರೆ. ನೀವು ಮೊದಲು ಮಟ್ಟಾಂಚೇರಿಗೆ ಹೋಗಿ. ಅಲ್ಲಿ ಕೊಂಕಣಿಗರ ತಿರುಮಲ ದೇವಸ್ಥಾನವಿದೆ. ಮಧ್ಯಾಹ್ನ ಬಾಗಿಲು ಹಾಕುವ ಮೊದಲೇ ದರ್ಶನ ಮುಗಿಸಿ. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಬಂದವರಲ್ಲಿ ಕೆಲವರು ನಿಮ್ಮ ಮಂಜೇಶ್ವರದ ಕಡೆ ನಿಂತರು, ಕೆಲವರು ಕೊಚ್ಚಿವರೆಗೂ ಬಂದರು. ಅಮ್ಮನಿಗೆ ಇದನ್ನು ಹೇಳಿ. ಇನ್ನೊಂದು ಮಾತನ್ನೂ ಹೇಳಿ, ನನಗಂತೂ ಇದು ತುಂಬಾ ಇಷ್ಟ: ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ 'ಹೋರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಪುಸ್ತಕ ಮಾಡಿಸಿದಾಗ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯರ ಜೊತೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. 1678ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ಮೊದಲ ಸಂಪುಟದಲ್ಲೇ ಆ ಮೂವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿ ಪತ್ರವಿದೆ. ನಿಮ್ಮ ಮನೆಮಾತು ಅಷ್ಟು ಹಿಂದೆಯೇ ಕಡಲು ದಾಟಿದೆ!

ಹತ್ತಿರದಲ್ಲೇ ಮಟ್ಟಾಂಚೇರಿ ಅರಮನೆ. ಪೋರ್ಚುಗೀಸರು ರಾಜನಿಗೆ ಕಟ್ಟಿಕೊಟ್ಟದ್ದು, 1663ರಲ್ಲಿ ಕೊಚ್ಚಿ ಹಿಡಿದ ಡಚ್ಚರು ರಿಪೇರಿ ಮಾಡಿಸಿದ್ದು. ಹಾಗಾಗಿ ಜನರ ಬಾಯಲ್ಲಿ ಡಚ್ ಅರಮನೆ. ಮೆಟ್ಟಿಲು ಹತ್ತಬೇಕು, ನಿಧಾನ ಹತ್ತಿಸಿ. ಮೇಲೆ ಗೋಡೆ ತುಂಬಾ ರಾಮಾಯಣದ ಚಿತ್ರಗಳಿವೆ. ಅಮ್ಮ ತಾವಾಗಿಯೇ ನಿಂತು ನೋಡುತ್ತಾರೆ, ನೀವು ಅವಸರ ಮಾಡಬೇಡಿ. 1568ರ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಕೂಡ ಅಲ್ಲೇ. ಶುಕ್ರವಾರ ಅರಮನೆ ಮುಚ್ಚಿರುತ್ತದೆ, ಶನಿವಾರ ಸಿನಗಾಗ್ ಮುಚ್ಚಿರುತ್ತದೆ. ಹಡಗು ಯಾವ ವಾರ ಬರುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಊಟ ಮುಗಿಸಿ ಫೋರ್ಟ್ ಕೊಚ್ಚಿ. ಸೇಂಟ್ ಫ್ರಾನ್ಸಿಸ್ ಚರ್ಚಿನ ಒಳಗೆ ವಾಸ್ಕೊ ಡ ಗಾಮನನ್ನು 1524ರಲ್ಲಿ ಹೂತ ಜಾಗ ಕಾಣುತ್ತದೆ. ಮೂಳೆಗಳನ್ನು 1539ರಲ್ಲಿ ಪೋರ್ಚುಗಲ್‌ಗೆ ಒಯ್ದರು, ಉಳಿದದ್ದು ಕಲ್ಲು ಮಾತ್ರ. ತಲೆಯೆತ್ತಿ ನೋಡಿ, ಸಾಲಾಗಿ ಬಟ್ಟೆಯ ಬೀಸಣಿಗೆಗಳು ತೂಗುತ್ತಿರುತ್ತವೆ. ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗುತ್ತಿತ್ತು. ಒಳಗೆ ಪ್ರಾರ್ಥನೆ ನಡೆಯುವಾಗ ಹೊರಗೆ ಸೆಕೆಯಲ್ಲಿ ಕುಳಿತು ಯಾರೋ ಎಳೆಯುತ್ತಿದ್ದರು. ಆ ತೂತುಗಳನ್ನು ನೋಡದೆ ಬರಬೇಡಿ.

ಕೊನೆಗೆ ಚೀನಾ ಬಲೆ. ಕಲ್ಲುಗಳನ್ನು ಹಗ್ಗಕ್ಕೆ ಕಟ್ಟಿ ಭಾರ ಸಮ ಮಾಡಿರುತ್ತಾರೆ. ನಾಲ್ಕೈದು ಮಂದಿ ಎಳೆದರೆ ಅಷ್ಟು ದೊಡ್ಡ ಬಲೆ ನೀರಿನಿಂದ ಮೇಲೆ ಬರುತ್ತದೆ. ಅಮ್ಮನಿಗೆ ಸುಸ್ತಾಗಿದ್ದರೆ ಆಟೋದಲ್ಲೇ ಕುಳಿತು ನೋಡಲಿ.

ಹಡಗಿನ ಕಾರ್ಡ್ ಜೊತೆ ಇಬ್ಬರ ಆಧಾರ್ ಕಾರ್ಡೂ ಕೈಯಲ್ಲಿರಲಿ. ಬಂದರಿನ ಗೇಟಿನಲ್ಲಿ ಕೇಳಬಹುದು.